ಹಳೇ ಎಸಿ ಬದಲಿಸುವ ಮುಂಚೆ ಡಕ್ಟ್ ನೋಡಿಸಿ

ಡಲ್ಲಾಸ್ ಸುತ್ತಮುತ್ತ, ಪ್ಲೇನೋ, ಅರ್ವಿಂಗ್ ಕಡೆ ಮನೆ ತಗೊಂಡಿರುವ ನಮ್ಮವರಲ್ಲಿ ತುಂಬಾ ಜನರ ಮನೆಗಳಿಗೆ ಈಗ ಇಪ್ಪತ್ತು ಇಪ್ಪತ್ತೈದು ವರ್ಷ ಆಗಿದೆ. ಎಷ್ಟೋ ಮನೆಗಳಲ್ಲಿ ಎಸಿಗೂ ಅಷ್ಟೇ ವಯಸ್ಸು. ಮೇ ತಿಂಗಳು ಬಂತು ಅಂದರೆ ವಾಟ್ಸಾಪ್ ಗುಂಪಿನಲ್ಲಿ ಅದೇ ಪ್ರಶ್ನೆ ಶುರು: ಎಸಿ ಕೈ ಕೊಟ್ಟಿದೆ, ಯಾವ ಕಂಪನಿ ಹಾಕಿಸಲಿ, ಎಷ್ಟು ಟನ್ ಬೇಕು? ಹೋದ ವರ್ಷ ನಮ್ಮ ಮನೆಯದನ್ನೂ ಪೂರ್ತಿ ಬದಲಿಸಿದೆವು. ಅದರಿಂದ ನಾನು ಹೇಳುವುದು ಇಷ್ಟೇ. ಕಂಪನಿ ಹೆಸರು ಆಮೇಲೆ ಕೇಳಿ, ಟನ್ ಲೆಕ್ಕ ಆಮೇಲೆ ಮಾಡಿ. ಮೊದಲು ಅಟ್ಟದಲ್ಲಿರುವ ಡಕ್ಟ್‌ಗಳನ್ನು, ಅಂದರೆ ಗಾಳಿ ಸಾಗಿಸುವ ಕೊಳವೆಗಳನ್ನು ನೋಡಿಸಿ, ಬರೀ ಕಣ್ಣಲ್ಲಿ ಅಲ್ಲ, ಮೀಟರ್ ಹಿಡಿದು.

ಊರಿನಲ್ಲಿ ಕೂತು ಓದುತ್ತಿರುವವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲ್ಲಿ ಎಸಿ ಅಂದರೆ ಒಂದು ರೂಮಿಗೆ ಒಂದು ಸ್ಪ್ಲಿಟ್. ಇಲ್ಲಿ ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಇಡೀ ಮನೆಗೆ ಒಂದು ಅಥವಾ ಎರಡು ದೊಡ್ಡ ಮೆಷಿನ್. ಹೊರಗೆ ಗೋಡೆ ಪಕ್ಕ ಕಂಪ್ರೆಸರ್ ಇರುವ ಡಬ್ಬ, ಅಂದರೆ ಕಂಡೆನ್ಸರ್ ಇರುತ್ತದೆ. ಸೀಲಿಂಗ್‌ಗೂ ಛಾವಣಿಗೂ ನಡುವಿನ ಅಟ್ಟದಲ್ಲಿ ಗಾಳಿ ತಂಪು ಮಾಡುವ ಕಾಯಿಲ್, ಚಳಿಗಾಲಕ್ಕೆ ಗ್ಯಾಸ್ ಫರ್ನೇಸ್, ಗಾಳಿ ತಳ್ಳುವ ಬ್ಲೋವರ್ ಎಲ್ಲ ಸಾಲಾಗಿ ಕೂತಿರುತ್ತವೆ. ಅಲ್ಲಿಂದ ಹೊರಟ ದಪ್ಪ ಕೊಳವೆಗಳು ಒಂದೊಂದು ರೂಮಿನ ಸೀಲಿಂಗ್‌ಗೆ ಬಂದು ಇಳಿಯುತ್ತವೆ, ಇವೇ ಡಕ್ಟ್. ರೂಮಿನ ಗಾಳಿ ವಾಪಸ್ ಬ್ಲೋವರ್‌ಗೆ ಹೋಗಲು ಹಾಲ್‌ನಲ್ಲಿ ಒಂದು ದೊಡ್ಡ ಜಾಲರಿ, ಅದಕ್ಕೆ ರಿಟರ್ನ್ ಅನ್ನುತ್ತಾರೆ. ಜುಲೈ ಮಧ್ಯಾಹ್ನ ಆ ಅಟ್ಟದ ಬಿಸಿ 130 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ, ಅಂದರೆ ಸುಮಾರು 54 ಸೆಲ್ಸಿಯಸ್. ಕಾಯಿಲ್‌ನಿಂದ ಹೊರಡುವ ಗಾಳಿ 13 ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅಷ್ಟು ತಣ್ಣಗಿನ ಗಾಳಿಯನ್ನು ಅಷ್ಟು ಬಿಸಿಯ ಜಾಗದ ಮೂಲಕ ತೆಳುವಾದ ಒಂದು ಕೊಳವೆಯಲ್ಲಿ ಸಾಗಿಸಬೇಕು. ಕಷ್ಟ ಇರುವುದೇ ಇಲ್ಲಿ.

ನಮ್ಮದು ಒಂದೇ ಅಂತಸ್ತಿನ ಮನೆ, 2,100 ಚದರ ಅಡಿ. ಹಿಂದಿನ ಮಾಲೀಕರು 2005ರಲ್ಲಿ ಹಾಕಿಸಿದ ನಾಲ್ಕು ಟನ್ ಸಿಸ್ಟಮ್, ಒಳಗೆ ತಂಪು ಮಾಡಲು ಬಳಸುವ ಆರ್-22 ಗ್ಯಾಸ್. ಹಾಲ್, ಅಡುಗೆಮನೆ ಪರವಾಗಿಲ್ಲ. ಪಡುವಣ ದಿಕ್ಕಿನ ಮೂಲೆ ರೂಮು ಮಾತ್ರ ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ಧಗಧಗ. ಊರಿಂದ ಅಪ್ಪಾಜಿ, ಅಮ್ಮ ಬಂದಾಗ ಇರುವುದು ಅದೇ ರೂಮಿನಲ್ಲಿ. ಥರ್ಮೋಸ್ಟಾಟ್ 75 ಫ್ಯಾರನ್‌ಹೀಟ್ ತೋರಿಸುತ್ತಿದ್ದರೆ ಆ ರೂಮಿನಲ್ಲಿ 82. ಇನ್ನೊಂದು, ಮನೆಯಲ್ಲಿ ಧೂಳು ಜಾಸ್ತಿ. ಅಮ್ಮ ದಿನಾ ಬೆಳಗ್ಗೆ ದೇವರ ಮುಂದಿನ ಮಣೆ ಒರೆಸುತ್ತಿದ್ದರು, ಸಂಜೆಗೆ ಬೆರಳಿಟ್ಟು ಎಳೆದರೆ ಮತ್ತೆ ಗೆರೆ ಮೂಡುತ್ತಿತ್ತು. "ಕಿಟಕಿ ಒಂದೂ ತೆಗೆಯಲ್ಲ, ಇಷ್ಟು ಧೂಳು ಎಲ್ಲಿಂದ ಬರುತ್ತಪ್ಪಾ?" ಅಂತ ಅವರ ಪ್ರಶ್ನೆ. ಒಳ್ಳೇ ಪ್ರಶ್ನೆ. ಆ ಉತ್ತರವೂ ಅಟ್ಟದಲ್ಲೇ ಇತ್ತು.

ಹೊರಗಿನ ಕಂಪ್ರೆಸರ್ ಕೂಗಾಡಲು ಶುರು ಮಾಡಿದಾಗ ಕೊಟೇಶನ್‌ಗೆ ಜನರನ್ನು ಕರೆದೆವು. ಮೊದಲು ಬಂದವರು ಡೈನಿಂಗ್ ಟೇಬಲ್ ಹತ್ತಿರ ಕೂತು ಟ್ಯಾಬ್ ತೆಗೆದರು. ಮೂಲೆ ರೂಮು ಬಿಸಿ ಅಂದ ತಕ್ಷಣ, "ಹಾಗಾದರೆ ನಿಮಗೆ ನಾಲ್ಕು ಟನ್ ಸಾಲುತ್ತಿಲ್ಲ, ಐದು ಟನ್ ಹಾಕೋಣ" ಅಂದರು. ಏಣಿ ಹತ್ತಲಿಲ್ಲ, ಕಿಟಕಿ ಅಳೆಯಲಿಲ್ಲ. ಇನ್ನೊಬ್ಬರು ಹೊರಗಿನ ಡಬ್ಬ ಮಾತ್ರ ಬದಲಿಸಿದರೆ ಸಾಕು, ಒಳಗಿನ ಕಾಯಿಲ್ ಹಾಗೇ ಇರಲಿ ಅಂದರು. ಇದಂತೂ ಆಗದ ಮಾತು, ಯಾಕೆ ಅಂತ ಮುಂದೆ ಹೇಳುತ್ತೇನೆ. ರೇಟು 12 ಸಾವಿರ ಡಾಲರ್‌ನಿಂದ 22 ಸಾವಿರದವರೆಗೆ ಹೋಯಿತು. ಹೆಚ್ಚಿನ ಕೊಟೇಶನ್‌ಗಳಲ್ಲಿ ಡಕ್ಟ್ ಬಗ್ಗೆ ಇದ್ದದ್ದು ಒಂದೇ ಸಾಲು: "ಇರುವ ಡಕ್ಟ್‌ಗೆ ಜೋಡಿಸಿ ಕೊಡಲಾಗುವುದು."

ಐದು ಟನ್ ಹಾಕಿದರೆ ಏನು ತೊಂದರೆ, ದೊಡ್ಡದಿದ್ದರೆ ಒಳ್ಳೆಯದೇ ಅಲ್ವಾ ಅಂತ ನನ್ನ ಹೆಂಡತಿಯೂ ಕೇಳಿದಳು. ಟನ್ ಅಂದರೆ ಗಂಟೆಗೆ 12,000 ಬಿಟಿಯು (ಬಿಸಿ ಅಳೆಯುವ ಮಾನ) ಬಿಸಿ ಹೊರಗೆ ಹಾಕುವ ತಾಕತ್ತು. ಮನೆಗೆ ಬೇಕಾದ್ದಕ್ಕಿಂತ ದೊಡ್ಡ ಮೆಷಿನ್ ಹಾಕಿದರೆ ಅದು ಥರ್ಮೋಸ್ಟಾಟ್ ಇರುವ ಜಾಗವನ್ನು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಚಾಲೂ ಆಗುತ್ತದೆ, ಮತ್ತೆ ನಿಲ್ಲುತ್ತದೆ. ಗಾಳಿಯಲ್ಲಿರುವ ತೇವ ಕಾಯಿಲ್ ಮೇಲೆ ನೀರಾಗಿ ಇಳಿದು ಹೋಗಬೇಕಾದರೆ ಮೆಷಿನ್ ಒಂದೇ ಸಮನೆ ಓಡಬೇಕು. ಓಡದಿದ್ದರೆ ಮನೆ ತಣ್ಣಗಿರುತ್ತದೆ, ಆದರೆ ಮೈ ಅಂಟಂಟು. ಕಂಪ್ರೆಸರ್‌ಗೂ ಪದೇ ಪದೇ ಚಾಲೂ ಆಗುವುದೇ ದೊಡ್ಡ ಹೊಡೆತ. ಅದಕ್ಕಿಂತ ಮುಖ್ಯ ವಿಷಯ ಗಾಳಿಯದು. ಒಂದು ಟನ್‌ಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಕಾಯಿಲ್ ಮೇಲೆ ಹಾಯಬೇಕು. ನಾಲ್ಕು ಟನ್‌ಗೆ 1,600, ಐದು ಟನ್‌ಗೆ 2,000. ಅಷ್ಟು ಗಾಳಿ ಓಡಾಡುವ ದಾರಿ ನಮ್ಮ ಮನೆಯಲ್ಲಿ ಇದೆಯಾ ಅಂತ ಯಾರೂ ನೋಡಿರಲಿಲ್ಲ.

ಅಪ್ಪಾಜಿಗೆ ಇದು ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಚನ್ನಗಿರಿ ಕಡೆ ಅಡಿಕೆ ತೋಟ ಮಾಡಿಕೊಂಡು ಬಂದವರು, ಜೀವನಪೂರ್ತಿ ಬೋರ್‌ವೆಲ್ ಜೊತೆ ಗುದ್ದಾಡಿದವರು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಅಲ್ಲಪ್ಪಾ, ಒಂದೂವರೆ ಇಂಚು ಪೈಪಿಗೆ ಹತ್ತು ಎಚ್‌ಪಿ ಮೋಟ್ರು ಕೂರಿಸಿದರೆ ಕೊನೇ ಸಾಲಿನ ಗಿಡಕ್ಕೆ ನೀರು ಹೋಗುತ್ತಾ? ಮೋಟ್ರು ಸುಡುತ್ತೆ ಅಷ್ಟೇ. ಮೊದಲು ಪೈಪ್ ಲೈನ್ ನೋಡಿಸು," ಅಂದರು.

ಕೊನೆಗೆ ಸಿಕ್ಕವನು ಒಂದು ಚಿಕ್ಕ ಕಂಪನಿಯ ಮಾಲೀಕ, ತಾನೇ ಕೆಲಸ ಮಾಡುವವನು. ಬಂದವನೇ ರೇಟು ಮಾತಾಡಲಿಲ್ಲ. ಫರ್ನೇಸ್‌ನ ಮೇಲೆ ಕೆಳಗೆ ಎರಡು ಸಣ್ಣ ತೂತು ಕೊರೆದು, ಅದರಲ್ಲಿ ರಬ್ಬರ್ ನಳಿಗೆ ತೂರಿಸಿ, ಕೈಯಲ್ಲಿ ಹಿಡಿಯುವ ಮಾನೋಮೀಟರ್‌ಗೆ ಜೋಡಿಸಿದ. ಗಾಳಿ ತಳ್ಳಲು ಬ್ಲೋವರ್ ಎಷ್ಟು ಒತ್ತಡ ಹಾಕುತ್ತಿದೆ ಅಂತ ಅದು ತೋರಿಸುತ್ತದೆ, ಲೆಕ್ಕ ನೀರಿನ ಇಂಚಿನಲ್ಲಿ. ಮನೆಗಳಿಗೆ ಬರುವ ಹೆಚ್ಚಿನ ಬ್ಲೋವರ್‌ಗಳಿಗೆ ಹೇಳಿರುವ ಮಿತಿ 0.5 ಇಂಚು. ನಮ್ಮದು 0.92 ತೋರಿಸಿತು. "ನಿಮ್ಮ ಮೆಷಿನ್ ಇಪ್ಪತ್ತು ವರ್ಷದಿಂದ ಏದುಸಿರು ಬಿಡುತ್ತಾ ಓಡಿದೆ. ಇದಕ್ಕೆ ಐದು ಟನ್ ಜೋಡಿಸಿದರೆ ಅದಕ್ಕೂ ಇದೇ ಗತಿ," ಅಂದ.

ನಾನೂ ಅವನ ಹಿಂದೆ ಅಟ್ಟ ಹತ್ತಿದೆ. ಮೂಲೆ ರೂಮಿಗೆ ಹೋಗುವ ಡಕ್ಟ್ ಎಂಟು ಇಂಚಿನದು, ಒಳಗೆ ತಂತಿಯ ಸುರುಳಿ, ಮೇಲೆ ಗ್ಲಾಸ್ ಫೈಬರ್, ಅದರ ಮೇಲೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್. ಬೇಕಾದ್ದಕ್ಕಿಂತ ತುಂಬಾ ಉದ್ದ ಬಿಟ್ಟಿದ್ದರು. ಆ ಉದ್ದವೆಲ್ಲ ಹಾವಿನ ಹಾಗೆ ಅಡ್ಡಾದಿಡ್ಡಿ ಬಿದ್ದಿತ್ತು. ಒಂದು ಕಡೆ ಮರದ ತೊಲೆಯ ಮೇಲೆ ಹತ್ತಿ ಇಳಿಯುವಲ್ಲಿ ಪೂರ್ತಿ ಮಡಚಿಕೊಂಡು, ನಾನು ಕೈ ಹಾಕಿ ಒತ್ತಿದರೆ ಒಳಗಿನ ಜಾಗ ಮೂರು ಬೆರಳಷ್ಟೂ ಇರಲಿಲ್ಲ. ಟಾರ್ಚ್ ಬೆಳಕಿನಲ್ಲಿ ರಿಟರ್ನ್ ಪೆಟ್ಟಿಗೆ ತೋರಿಸಿದ. ಮೂಲೆಗಳಿಗೆ ಸುತ್ತಿದ್ದ ಬಟ್ಟೆ ಟೇಪ್ ಒಣಗಿ ಹಪ್ಪಳದಂತೆ ಎದ್ದು ನಿಂತಿತ್ತು. ಆ ಸಂದಿನ ಸುತ್ತ ಇರುವ ಗುಲಾಬಿ ಬಣ್ಣದ ಇನ್ಸುಲೇಶನ್ ಕಪ್ಪಾಗಿತ್ತು. ಗಾಳಿ ಒಳಗೆ ಎಳೆದುಕೊಳ್ಳುವ ಕಡೆ ಸೋರಿಕೆ ಇದ್ದರೆ ಅಟ್ಟದ ಬಿಸಿ ಗಾಳಿ, ಅಟ್ಟದ ಧೂಳು ಎರಡೂ ಮನೆಯೊಳಗೆ ಬರುತ್ತವೆ. ಫಿಲ್ಟರ್ ಇದ್ದದ್ದು ಹಾಲ್‌ನ ಜಾಲರಿಯಲ್ಲಿ. ಸೋರಿಕೆ ಫಿಲ್ಟರ್ ದಾಟಿದ ಮೇಲೆ. ಅಮ್ಮನ ಧೂಳಿಗೆ ಕಾರಣ ಇದೇ.

ಬಟ್ಟೆ ಟೇಪಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೆಸರಿಗೆ ಡಕ್ಟ್ ಟೇಪ್, ಆದರೆ ಡಕ್ಟ್‌ಗೆ ಅದು ಆಗಿಬರುವುದಿಲ್ಲ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನವರು 1998ರಲ್ಲೇ ಬೇರೆ ಬೇರೆ ಅಂಟುಗಳನ್ನು ಬಿಸಿ ಗಾಳಿ, ತಣ್ಣನೆ ಗಾಳಿಗೆ ಒಡ್ಡಿ ಪರೀಕ್ಷೆ ಮಾಡಿದ್ದರು. ಅದರಲ್ಲಿ ಸೋತದ್ದು ಈ ಬಟ್ಟೆ ಟೇಪೇ. ಕೀಲುಗಳಿಗೆ ಬೇಕಾದ್ದು ಮ್ಯಾಸ್ಟಿಕ್, ಬ್ರಷ್‌ನಲ್ಲಿ ದಪ್ಪಗೆ ಬಳಿಯುವ ಪೇಸ್ಟ್. ನಿಮ್ಮ ಕೊಟೇಶನ್‌ನಲ್ಲಿ ಆ ಪದ ಇದೆಯಾ ನೋಡಿ.

ಆಮೇಲೆ ಜಾಲರಿಗಳನ್ನೆಲ್ಲ ಮುಚ್ಚಿ, ಒಂದು ಫ್ಯಾನ್ ಜೋಡಿಸಿ ಡಕ್ಟ್ ಸೋರಿಕೆ ಪರೀಕ್ಷೆ ಮಾಡಿದ. ನಮ್ಮ ಗಾಳಿಯಲ್ಲಿ ನಾಲ್ಕನೇ ಒಂದು ಪಾಲಿಗಿಂತ ಜಾಸ್ತಿ ಸೋರುತ್ತಿತ್ತು. ಇದು ನಮ್ಮ ಮನೆಯ ದುರದೃಷ್ಟ ಅಂದುಕೊಳ್ಳಬೇಡಿ. ಸಾಮಾನ್ಯ ಮನೆಗಳಲ್ಲಿ ಡಕ್ಟ್ ಗಾಳಿಯ 20ರಿಂದ 30 ಪರ್ಸೆಂಟ್ ಸೋರಿಕೆ, ತೂತು, ಸರಿಯಾಗಿ ಕೂರದ ಕೀಲುಗಳಲ್ಲಿ ಹೋಗುತ್ತದೆ ಅಂತ ಇಲ್ಲಿನ ಸರ್ಕಾರದ ಇಂಧನ ಉಳಿತಾಯ ಯೋಜನೆ ಎನರ್ಜಿ ಸ್ಟಾರ್‌ನವರೇ ಬರೆದಿದ್ದಾರೆ. ತಣ್ಣಗೆ ಮಾಡಿದ ಗಾಳಿಗೆ ಕರೆಂಟ್ ಬಿಲ್ ಕಟ್ಟಿ ಅಟ್ಟಕ್ಕೆ ಬಿಡುತ್ತಿದ್ದೇವೆ ಅಂದರೆ ಹೊಟ್ಟೆ ಉರಿಯುತ್ತದೆ.

ಎಷ್ಟು ಟನ್ ಅಂತ ತೀರ್ಮಾನಿಸಲು ಇಲ್ಲಿ ಮ್ಯಾನ್ಯುಯಲ್ ಜೆ ಅಂತ ಒಂದು ಲೆಕ್ಕ ಇದೆ. ಒಂದೊಂದು ರೂಮಿನ ಅಳತೆ, ಕಿಟಕಿ ಯಾವ ದಿಕ್ಕಿಗಿದೆ, ಗಾಜು ಎಂಥದ್ದು, ಅಟ್ಟದ ಇನ್ಸುಲೇಶನ್ ಎಷ್ಟು ದಪ್ಪ, ಮನೆಯಲ್ಲಿ ಎಷ್ಟು ಜನ, ಎಲ್ಲ ಹಾಕಬೇಕು. "500 ಚದರ ಅಡಿಗೆ ಒಂದು ಟನ್" ಅಂತ ಬಾಯಿಲೆಕ್ಕ ಹೇಳುವವರನ್ನು ನಾನು ಇನ್ನು ಮೇಲೆ ನಂಬುವುದಿಲ್ಲ. ನಮ್ಮ ಲೆಕ್ಕ ಬಂದದ್ದು 39,000 ಬಿಟಿಯು. ಅಂದರೆ ಮೂರೂವರೆ ಟನ್ ಧಾರಾಳ. ಐದು ಬೇಕು ಅಂದವರಿದ್ದರು, ಇದ್ದ ನಾಲ್ಕೂ ಜಾಸ್ತಿಯೇ ಆಗಿತ್ತು.

ಇನ್ನು ಎಸಿ ಒಳಗೆ ಓಡಾಡುವ ಗ್ಯಾಸ್. ಇದರ ಹೆಸರಿನಲ್ಲಿ ಜನರನ್ನು ಹೆದರಿಸುವುದು ಜಾಸ್ತಿ, ಅದಕ್ಕೆ ಸ್ವಲ್ಪ ನೋಡೋಣ. ಹಳೇ ಆರ್-22 ಓಜೋನ್ ಪದರಕ್ಕೆ ಹಾನಿ ಮಾಡುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದಿಂದ ಶುರುವಾದ ಕೆಲಸದ ಕೊನೆಗೆ ಅಮೆರಿಕದಲ್ಲಿ 2020ರ ಜನವರಿ 1ರಿಂದ ಅದನ್ನು ಹೊಸದಾಗಿ ತಯಾರಿಸುವುದು, ಆಮದು ಮಾಡುವುದು ನಿಂತಿತು. ಈಗ ಸಿಗುವುದು ಹಳೇ ದಾಸ್ತಾನು ಅಥವಾ ಹಳೇ ಮೆಷಿನ್‌ನಿಂದ ತೆಗೆದು ಶುದ್ಧ ಮಾಡಿದ್ದು. ಸೋರುವ ಕಾಯಿಲ್‌ಗೆ ವರ್ಷ ವರ್ಷ ಅದನ್ನು ತುಂಬಿಸುವುದು ದಂಡ. ಆಮೇಲೆ ಬಂದ ಆರ್-410ಎ ಓಜೋನ್‌ಗೆ ತೊಂದರೆ ಮಾಡುವುದಿಲ್ಲ, ಆದರೆ ಭೂಮಿ ಬಿಸಿ ಮಾಡುವ ಶಕ್ತಿ ಇಂಗಾಲದ ಡೈ ಆಕ್ಸೈಡ್‌ಗಿಂತ 2,088 ಪಟ್ಟು. ಅದಕ್ಕೇ 2025ರ ಜನವರಿ 1ರಿಂದ ಈ ಗ್ಯಾಸಿನ ಹೊಸ ಮನೆ ಎಸಿಗಳನ್ನು ಇಲ್ಲಿ ತಯಾರಿಸುವ ಹಾಗಿಲ್ಲ. ಅದರ ಜಾಗಕ್ಕೆ ಬಂದಿರುವುದು ಆರ್-454ಬಿ ಮತ್ತು ಆರ್-32. ಮೊದಲಿನದಕ್ಕೆ ಆ ಅಂಕಿ 466, ಎರಡನೆಯದಕ್ಕೆ 675. ಕ್ಯಾರಿಯರ್, ಲೆನಾಕ್ಸ್, ಟ್ರೇನ್ ಕಂಪನಿಗಳು ಮೊದಲಿನದನ್ನು ಹಿಡಿದಿವೆ. ಡೈಕಿನ್, ಗುಡ್‌ಮನ್ ಆರ್-32 ಕಡೆ. ಊರಲ್ಲಿ ಈಗ ಮಾರುವ ಎಷ್ಟೋ ಸ್ಪ್ಲಿಟ್‌ಗಳಲ್ಲಿ ಇರುವುದೂ ಆರ್-32ನೇ. ಎರಡೂ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಜಾತಿ, ಹಾಗಾಗಿ ಸೋರಿಕೆ ಆದರೆ ಗೊತ್ತಾಗಲು ಕಾಯಿಲ್ ಪಕ್ಕ ಸೆನ್ಸರ್ ಬರುತ್ತದೆ. 2025ರ ಬೇಸಿಗೆಯಲ್ಲಿ ಆರ್-454ಬಿ ಸಿಲಿಂಡರ್‌ಗೆ ದೊಡ್ಡ ಕೊರತೆ ಆಗಿತ್ತು, ಅದೂ ರೇಟು ಏರಲು ಒಂದು ಕಾರಣ.

ಹೊರಗಿನ ಡಬ್ಬ ಮಾತ್ರ ಬದಲಿಸುವುದು ಆಗದ ಮಾತು ಅಂದೆನಲ್ಲ, ಅದು ಇದಕ್ಕೇ. ಹೊಸ ಗ್ಯಾಸಿನ ಒತ್ತಡ ಆರ್-22ಕ್ಕಿಂತ ತುಂಬಾ ಜಾಸ್ತಿ, ಹಳೇ ಕಾಯಿಲ್ ಅದಕ್ಕೆ ಮಾಡಿದ್ದಲ್ಲ. ಕಂಪ್ರೆಸರ್‌ನ ಎಣ್ಣೆಯೂ ಬೇರೆ. ಒಳಗಿನದು ಹೊರಗಿನದು ಜೋಡಿಯಾಗಿಯೇ ಬರಬೇಕು. ನಮ್ಮಲ್ಲಿ ಎರಡರ ನಡುವಿನ ತಾಮ್ರದ ಪೈಪುಗಳನ್ನೂ ಹೊಸದು ಎಳೆಸಿದೆವು.

ಹಣ ಎಲ್ಲಿ ಹಾಕಬೇಕು ಅನ್ನುವ ಪ್ರಶ್ನೆ ಬಂದಾಗ ನಾವು ತಗೊಂಡ ತೀರ್ಮಾನ ಇದು. ಬೇಕಾದಂತೆ ವೇಗ ಬದಲಿಸಿಕೊಳ್ಳುವ ಮೇಲ್ದರ್ಜೆಯ ವೇರಿಯಬಲ್ ಸ್ಪೀಡ್ ಮೆಷಿನ್ ಬಿಟ್ಟು, ಜೋರು, ನಿಧಾನ ಎರಡೇ ಹಂತದ ಮಧ್ಯಮ ದರ್ಜೆಯದು ತಗೊಂಡು, ಉಳಿದ ದುಡ್ಡನ್ನೆಲ್ಲ ಡಕ್ಟ್‌ಗೆ ಹಾಕಿದೆವು. ಹಳೇ ಡಕ್ಟ್ ಪೂರ್ತಿ ಕಿತ್ತು ಆರ್-8 ಇನ್ಸುಲೇಶನ್ ಇರುವ ಹೊಸದು (ಇಲ್ಲಿ ಆರ್ ಅಂದರೆ ಗ್ಯಾಸಿನ ಹೆಸರಲ್ಲ, ಬಿಸಿ ತಡೆಯುವ ಶಕ್ತಿಯ ಅಳತೆ). ಮೂಲೆ ರೂಮಿಗೆ ನೇರ ದಾರಿ. ನಾಲ್ಕು ಅಡಿಗೊಂದು ಅಗಲ ಪಟ್ಟಿ ಹಾಕಿ ಜಗ್ಗದಂತೆ ತೂಗು ಹಾಕಿದ್ದಾರೆ. ಕೀಲುಗಳಿಗೆಲ್ಲ ಮ್ಯಾಸ್ಟಿಕ್. ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದು ಎರಡನೇ ರಿಟರ್ನ್. ಮೊದಲು ಇದ್ದದ್ದು 16 ಇಂಚಿನ ಒಂದೇ ಕೊಳವೆ, ಅದರಲ್ಲಿ ಆರಾಮಾಗಿ ಹೋಗುವುದು ನಿಮಿಷಕ್ಕೆ ಸಾವಿರದ ಆಸುಪಾಸು ಘನ ಅಡಿ. ಮೂರೂವರೆ ಟನ್‌ಗೆ ಬೇಕಾದ್ದು 1,400. ಬೆಡ್‌ರೂಮುಗಳ ಕಡೆ ಇನ್ನೊಂದು ಜಾಲರಿ ಕೂರಿಸಿದ ಮೇಲೆ ಆ ಕುತ್ತಿಗೆ ಹಿಸುಕುವುದು ತಪ್ಪಿತು. ಒಂದು ಇಂಚಿನ ಫಿಲ್ಟರ್ ತೆಗೆದು ಕಾಯಿಲ್ ಹತ್ತಿರ ನಾಲ್ಕು ಇಂಚಿನದು ಹಾಕಿದರು. ತೆಳು ಫಿಲ್ಟರ್‌ನಲ್ಲಿ ತುಂಬಾ ಬಿಗಿಯಾದದ್ದು ಹಾಕಿದರೆ ಗಾಳಿಗೇ ಅಡ್ಡ ಬರುತ್ತದೆ, ಅಂಗಡಿಯಲ್ಲಿ ಎಷ್ಟು ಸಣ್ಣ ಧೂಳು ಹಿಡಿಯುತ್ತದೆ ಅನ್ನುವ ಅಂಕಿ ಜಾಸ್ತಿ ಇರುವುದೇ ಒಳ್ಳೇದು ಅಂತ ತರಬೇಡಿ.

ಕೆಲಸದ ದಿನ ನಾನು ರಜ ಹಾಕಿ ಮನೆಯಲ್ಲೇ ಇದ್ದೆ. ನೀವೂ ಇರಿ. ಹಳೇ ಗ್ಯಾಸ್ ಗಾಳಿಗೆ ಬಿಡುವುದು ಕಾನೂನು ಪ್ರಕಾರ ತಪ್ಪು, ಮೆಷಿನ್ ಇಟ್ಟು ಸಿಲಿಂಡರ್‌ಗೆ ಎಳೆದುಕೊಂಡರು. ತಾಮ್ರ ಬೆಸೆಯುವಾಗ ಒಳಗೆ ಮಸಿ ಕಟ್ಟದಂತೆ ನೈಟ್ರೋಜನ್ ಹರಿಸುತ್ತಿದ್ದರು. ಆಮೇಲೆ ಅದೇ ನೈಟ್ರೋಜನ್ ತುಂಬಿಸಿ ಒತ್ತಡ ಇಳಿಯುತ್ತಾ ಅಂತ ಕಾದರು. ಕೊನೆಗೆ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್. ಒಳಗೆ ಎಷ್ಟು ಒತ್ತಡ ಉಳಿದಿದೆ ಅಂತ ತೋರಿಸುವ ಮೈಕ್ರಾನ್ ಗೇಜ್ 500ಕ್ಕಿಂತ ಕೆಳಗೆ ಇಳಿಯಬೇಕು, ಪಂಪ್ ನಿಲ್ಲಿಸಿದ ಮೇಲೂ ಮೇಲೆ ಓಡಬಾರದು. ಆ ಗೇಜಿನ ಮುಂದೆ ನನ್ನನ್ನು ಕೂರಿಸಿ, "ನೀವೇ ನೋಡುತ್ತಿರಿ," ಅಂತ ಅವನು ಮೇಲೆ ಹೋದ. ಪಂಪ್ ಬರೀ ಹದಿನೈದು ನಿಮಿಷ ಓಡಿಸಿ, ಗೇಜ್ ಹಾಕದೆ ಗ್ಯಾಸ್ ಬಿಡುವವರಿದ್ದಾರೆ. ಒಳಗೆ ತೇವ ಉಳಿದರೆ ಅದು ಎಣ್ಣೆ ಜೊತೆ ಸೇರಿ ಕಂಪ್ರೆಸರ್ ತಿನ್ನುತ್ತದೆ, ಅದು ಗೊತ್ತಾಗುವುದು ವರ್ಷಗಳ ಮೇಲೆ.

ಅಟ್ಟದಲ್ಲಿ ಮೆಷಿನ್ ಇರುವವರು ಡ್ರೈನ್ ಬಗ್ಗೆ ಬಹಳ ಹುಷಾರಾಗಿರಬೇಕು. ಕಾಯಿಲ್‌ನಿಂದ ಇಳಿಯುವ ನೀರಿನ ಪೈಪು ಪಾಚಿ ಕಟ್ಟಿ ಮುಚ್ಚಿಕೊಂಡರೆ ನೀರು ನೇರ ಸೀಲಿಂಗ್ ಮೇಲೆ. ಕೆಳಗೊಂದು ದೊಡ್ಡ ತಟ್ಟೆ, ಅದರಲ್ಲಿ ಫ್ಲೋಟ್ ಸ್ವಿಚ್ ಇರಲೇಬೇಕು; ನೀರು ಏರಿದರೆ ಅದು ಮೆಷಿನ್ ನಿಲ್ಲಿಸುತ್ತದೆ. ಆಗಾಗ ಪೈಪಿಗೆ ಒಂದು ಲೋಟ ವಿನೆಗರ್ ಹಾಕಿ.

ಉಳಿದದ್ದು ಚುಟುಕಾಗಿ. ಟೆಕ್ಸಾಸ್‌ನಲ್ಲಿ ಎಸಿ ಕಾಂಟ್ರಾಕ್ಟರ್‌ಗೆ ರಾಜ್ಯದ ಲೈಸೆನ್ಸ್ ಬೇಕು, ಟಿಎಸಿಎಲ್ ಅಂತ ಶುರುವಾಗುವ ನಂಬರ್ ಇರುತ್ತದೆ, ಲೈಸೆನ್ಸ್ ಕೊಡುವ ರಾಜ್ಯದ ಇಲಾಖೆ ಟಿಡಿಎಲ್‌ಆರ್ ಸೈಟಿನಲ್ಲಿ ಹಾಕಿ ನೋಡಬಹುದು. ಸಿಟಿ ಪರ್ಮಿಟ್ ಬೇಡ, ಸುಮ್ನೆ ಖರ್ಚು ಅನ್ನುವವರ ಕೈಯಲ್ಲಿ ಕೆಲಸ ಮಾಡಿಸಬೇಡಿ. 2023ರಿಂದ ನಮ್ಮ ಕಡೆ 45,000 ಬಿಟಿಯು ಒಳಗಿನ ಎಸಿಗೆ ಕನಿಷ್ಠ 14.3 ಸಿಯರ್2 (ಕರೆಂಟ್ ಎಷ್ಟು ಉಳಿಸುತ್ತದೆ ಅನ್ನುವ ಅಂಕಿ) ಇರಬೇಕು, ಅದಕ್ಕಿಂತ ಮೇಲೆ ಹೋದಷ್ಟೂ ರೇಟು ಏರುತ್ತದೆ, ಆದರೆ ಡಕ್ಟ್ ಸೋರುತ್ತಿದ್ದರೆ ಆ ಅಂಕಿ ಕಾಗದದ ಮೇಲೇ ಉಳಿಯುತ್ತದೆ. ಎಸಿ ಹಾಕಿಸಿದವರಿಗೆ ಸಿಗುತ್ತಿದ್ದ ಇಲ್ಲಿನ ಕೇಂದ್ರ ಸರ್ಕಾರದ ಟ್ಯಾಕ್ಸ್ ಕ್ರೆಡಿಟ್ (ತೆರಿಗೆ ರಿಯಾಯಿತಿ) 2025ರ ಡಿಸೆಂಬರ್ 31ಕ್ಕೆ ಮುಗಿದಿದೆ, ಈಗಲೂ ಅದನ್ನು ತೋರಿಸಿ ಮಾರುವವರಿದ್ದರೆ ಎಚ್ಚರ. ಹೀಟ್ ಪಂಪ್, ಅಂದರೆ ಚಳಿಗಾಲದಲ್ಲಿ ಉಲ್ಟಾ ಓಡಿ ಮನೆ ಬೆಚ್ಚಗೆ ಮಾಡುವ ಎಸಿ, ಅದರ ಬಗ್ಗೆಯೂ ಯೋಚಿಸಿದ್ದೆವು. ಡಲ್ಲಾಸ್ ಚಳಿಗೆ ಅದು ಚೆನ್ನಾಗಿಯೇ ನಡೆಯುತ್ತದೆ, ಗ್ಯಾಸ್ ಲೈನ್ ಇಲ್ಲದ ಮನೆಯವರು ಖಂಡಿತ ನೋಡಿ. ನಮ್ಮ ಫರ್ನೇಸ್‌ಗೆ ಗ್ಯಾಸ್ ಲೈನ್, ಹೊಗೆ ಕೊಳವೆ ಎಲ್ಲ ಸರಿಯಿದ್ದವು, ಹಾಗಾಗಿ ಗ್ಯಾಸ್ ಫರ್ನೇಸೇ ಉಳಿಸಿಕೊಂಡೆವು.

ಎಲ್ಲ ಮುಗಿದ ಮೇಲೆ ಅವನು ಮತ್ತೆ ಅದೇ ಮಾನೋಮೀಟರ್ ಹಿಡಿದ. 0.92 ಇದ್ದದ್ದು 0.48ಕ್ಕೆ ಬಂದಿತ್ತು. ಸೋರಿಕೆ 6 ಪರ್ಸೆಂಟ್. ಮೆಷಿನ್ ಅರ್ಧ ಟನ್ ಚಿಕ್ಕದಾಯಿತು, ಆದರೂ ಮೂಲೆ ರೂಮಿಗೂ ಹಾಲ್‌ಗೂ ಈಗ ಎರಡು ಡಿಗ್ರಿ ವ್ಯತ್ಯಾಸ ಅಷ್ಟೇ. ತೇವಾಂಶ 50 ಪರ್ಸೆಂಟ್ ಹತ್ತಿರ ನಿಲ್ಲುತ್ತದೆ. ಬ್ಲೋವರ್ ಓಡುತ್ತಿದೆಯಾ ಅಂತ ಗೊತ್ತಾಗಲು ಜಾಲರಿಗೆ ಕೈ ಹಿಡಿಯಬೇಕು, ಅಷ್ಟು ಮೆತ್ತಗೆ.

ಉಳಿದಿರುವ ಆ ಎರಡು ಡಿಗ್ರಿಗೆ ಕಾರಣ ಅಟ್ಟದ ಇನ್ಸುಲೇಶನ್. ಎಷ್ಟೋ ಕಡೆ ಕುಸಿದು ಅರ್ಧಕ್ಕೆ ಇಳಿದಿದೆ, ಅದನ್ನು ಆರ್-38ರ ಮಟ್ಟಕ್ಕೆ ತರಬೇಕು. ಈ ಬೇಸಿಗೆಗೆ ಮುಂಚೆ, ಫೆಬ್ರವರಿಯಲ್ಲೇ ಮಾಡಿಸುತ್ತೇವೆ. ನಿಮ್ಮದು ಹದಿನೈದು ವರ್ಷ ದಾಟಿದ ಎಸಿ ಆಗಿದ್ದರೆ ನೀವೂ ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಅಳತೆ ಮಾಡಿಸಿಕೊಳ್ಳಿ. ಜುಲೈನಲ್ಲಿ ಕೆಟ್ಟು ನಿಂತ ಮೇಲೆ ಫೋನ್ ಮಾಡಿದರೆ, ಮನೆಯಲ್ಲಿ ಮಕ್ಕಳು ವಯಸ್ಸಾದವರು ಬೇಯುತ್ತಿರುವಾಗ, ಮ್ಯಾನ್ಯುಯಲ್ ಜೆ ಮಾಡಿ ಅಂತ ಕೇಳುವ ತಾಳ್ಮೆ ನಿಮಗಿರುವುದಿಲ್ಲ, ಮಾಡುವ ಪುರುಸೊತ್ತು ಅವರಿಗೂ ಇರುವುದಿಲ್ಲ.